ಹಳಿ ಕಿತ್ತ ಮೇಲೆ ನೆಲ ಯಾರದು?

ಅಮೆರಿಕದ ವಯೋಮಿಂಗ್ ರಾಜ್ಯದ ಕಾಡಂಚಿನಲ್ಲಿ ಫಾಕ್ಸ್ ಪಾರ್ಕ್ ಎಂಬ ಪುಟ್ಟ ಊರಿದೆ. ಅಲ್ಲಿ ಸಾಮಿಲ್ ನಡೆಸುತ್ತಿದ್ದ ಬ್ರ್ಯಾಂಟ್ ಕುಟುಂಬಕ್ಕೆ 1976ರಲ್ಲಿ ಸರ್ಕಾರದಿಂದ 83 ಎಕರೆ ಜಮೀನು ಬಂತು. ಅರಣ್ಯ ಇಲಾಖೆಗೆ ತಮ್ಮ ಬೇರೆ ಜಾಗ ಬಿಟ್ಟುಕೊಟ್ಟು ಅದಕ್ಕೆ ಬದಲಾಗಿ ಪಡೆದ ನೆಲ ಅದು. ಹಕ್ಕುಪತ್ರದಲ್ಲಿ ಒಂದು ಷರತ್ತಿತ್ತು: ಜಮೀನಿನ ನಡುವೆ ಹಾದುಹೋಗುವ ರೈಲು ಮಾರ್ಗದ ಹಕ್ಕಿಗೆ ಧಕ್ಕೆಯಾಗಬಾರದು. ಆ ಪಟ್ಟಿ 200 ಅಡಿ ಅಗಲ, ಹೆಚ್ಚುಕಡಿಮೆ ಅರ್ಧ ಮೈಲಿ ಉದ್ದ, ಒಟ್ಟು ಸುಮಾರು 10 ಎಕರೆ. 2004ರ ಹೊತ್ತಿಗೆ ರೈಲು ಕಂಪನಿ ನಷ್ಟ ತಾಳಲಾರದೆ ಹಳಿಯನ್ನೂ ಸ್ಲೀಪರುಗಳನ್ನೂ ಕಿತ್ತುಕೊಂಡು ಹೊರಟುಹೋಯಿತು. ಉಳಿದದ್ದು ಜಲ್ಲಿ ಹಾಸಿದ ಬೋಳು ಏರಿ.

ಆ 10 ಎಕರೆ ಈಗ ಯಾರದು? ಸರ್ಕಾರ ತನ್ನದೆಂದಿತು, ಬ್ರ್ಯಾಂಟ್ ಕುಟುಂಬ ತಮ್ಮದೆಂದಿತು. 2006ರಲ್ಲಿ ಸರ್ಕಾರವೇ ಕೋರ್ಟಿನ ಮೆಟ್ಟಿಲು ಹತ್ತಿತು. ಸುಪ್ರೀಂ ಕೋರ್ಟು 2014ರ ಮಾರ್ಚಿನಲ್ಲಿ ತೀರ್ಪು ಕೊಟ್ಟಾಗ ಎಂಟು ನ್ಯಾಯಮೂರ್ತಿಗಳು ಕುಟುಂಬದ ಪರ, ಒಬ್ಬರು ಮಾತ್ರ ಸರ್ಕಾರದ ಪರ.

ಈ ವ್ಯಾಜ್ಯದ ಒಳಗುಟ್ಟು ನಮ್ಮ ರೈತರಿಗೆ ಬಲುಬೇಗ ತಿಳಿಯುವಂಥದು. ಹಳ್ಳಿಯ ಸರ್ವೆ ನಕ್ಷೆಯಲ್ಲಿ ಒಬ್ಬರ ಹೊಲದ ಮೇಲೆ ಇನ್ನೊಬ್ಬರ ಹೊಲಕ್ಕೆ ಹೋಗುವ ಬಂಡಿದಾರಿ ಇರುತ್ತದೆ. ಗಾಡಿ ಹೊಡೆಯುವ ಹಕ್ಕು ಎಲ್ಲರದಾದರೂ ಮಣ್ಣು ಹೊಲದವನದು. ಇನ್ನು ಕೆಲವು ದಾರಿಗಳು ಪಹಣಿಯಲ್ಲಿ ‘ಬ’ ಖರಾಬು ಎಂದು ದಾಖಲಾಗಿರುತ್ತವೆ. ಅಲ್ಲಿ ಮಣ್ಣೂ ಸಾರ್ವಜನಿಕರದೇ. ಮೇಲ್ನೋಟಕ್ಕೆ ಎರಡೂ ಒಂದೇ ಥರದ ಗಾಡಿಜಾಡು. ಗಾಡಿ ಓಡಾಡುವಷ್ಟು ಕಾಲ ಯಾರೂ ವ್ಯತ್ಯಾಸ ಕೇಳುವುದಿಲ್ಲ. ಓಡಾಟ ನಿಂತು, ಪಕ್ಕದವನು ಉಳಲು ಶುರುಮಾಡಿದ ದಿನ ಜಗಳ ಶುರು. ಅಮೆರಿಕದ ರೈಲು ಮಾರ್ಗಗಳಲ್ಲಿ ಬಹುಪಾಲು ಈ ಎರಡರ ಕಲಸುಮೇಲೋಗರ. ಕೆಲವು ತುಂಡುಗಳನ್ನು ಕಂಪನಿ ಪೂರ್ತಿ ಕ್ರಯಕ್ಕೆ ಪಡೆದಿತ್ತು, ಕೆಲವಕ್ಕೆ ದಾರಿ ಹಕ್ಕು ಮಾತ್ರ ಇತ್ತು, ಕೆಲವು ಸರ್ಕಾರದಿಂದ ಬಂದವು. ಒಂದೇ ಮಾರ್ಗದ ಮೇಲೆ ನಡೆದುಹೋದರೆ ಹತ್ತು ಹೆಜ್ಜೆಗೊಬ್ಬ ಹಕ್ಕುದಾರ ಎದುರಾಗಬಹುದು.

ಸರ್ಕಾರದ ದಾನದ ಕತೆಯೂ ಸರಳವಲ್ಲ. 1862ರಿಂದ ಸುಮಾರು ಒಂದು ದಶಕ ಅಮೆರಿಕದ ಸಂಸತ್ತು ರೈಲು ಕಂಪನಿಗಳಿಗೆ ಮಾರ್ಗದ ಜೊತೆಗೆ ಇಕ್ಕೆಲದ ಭಾರಿ ಭೂಮಿಯನ್ನೂ ಧಾರಾಳವಾಗಿ ಹಂಚಿತು. ಜನರ ಸಿಟ್ಟು ಹೆಚ್ಚಿದ ಮೇಲೆ 1871ರಲ್ಲಿ ಆ ಪದ್ಧತಿ ನಿಂತಿತು. 1875ರ ಕಾಯ್ದೆ ಕಂಪನಿಗಳಿಗೆ ಕೊಟ್ಟದ್ದು ಹಳಿಯ ನಡುಗೆರೆಯಿಂದ ಆಚೀಚೆ ನೂರು ನೂರು ಅಡಿಯ ದಾರಿಯನ್ನು ಮಾತ್ರ. ಈ ದಾರಿ ಎಂದರೆ ಮಣ್ಣೋ, ಬರಿಯ ಓಡಾಟದ ಹಕ್ಕೋ? 1942ರಲ್ಲಿ ಗ್ರೇಟ್ ನಾರ್ದರ್ನ್ ಕಂಪನಿ ತನ್ನ ಹಳಿಯಡಿಯ ಎಣ್ಣೆ ತೆಗೆಯಲು ಹೊರಟಾಗ ಸರ್ಕಾರ ಅಡ್ಡ ನಿಂತು, ಕಂಪನಿಗೆ ಇರುವುದು ದಾರಿ ಹಕ್ಕಷ್ಟೇ ಎಂದು ವಾದಿಸಿ ಗೆದ್ದಿತ್ತು. ಬ್ರ್ಯಾಂಟ್ ಮೊಕದ್ದಮೆಯಲ್ಲಿ ಅದೇ ಸರ್ಕಾರ ವಾದ ತಿರುವಿ ಹಾಕಿತು. ಅಂದು ಹೇಳಿದ್ದನ್ನು ಇಂದು ಅಲ್ಲವೆನ್ನಲು ಬರುವುದಿಲ್ಲ ಎಂಬುದೇ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದ ತೀರ್ಪಿನ ತಿರುಳು. ನ್ಯಾಯಮೂರ್ತಿ ಸೋನಿಯಾ ಸೊಟೊಮಯೋರ್ ಒಬ್ಬರೇ ಭಿನ್ನಮತ ಬರೆದರು.

ತೀರ್ಪು ಸರಿಯಾಗಿಯೇ ಇದೆ. ಆದರೆ ಹಳಿ ಕಿತ್ತ ನೆಲಕ್ಕೆ ಏನಾಗಬೇಕು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಆ ಉತ್ತರವನ್ನು ಅಮೆರಿಕ ಬೇರೆ ಕಡೆ ಹುಡುಕಿಕೊಂಡಿತು. ಹಳಿಹಾದಿ ಎನ್ನಬಹುದಾದ ಆ ಪದ್ಧತಿಯ ಗುಣದೋಷಗಳನ್ನು ತೂಗಿ ನೋಡುವುದು ಭಾರತಕ್ಕೂ ಬೇಕಾದ ಕೆಲಸ.

ಅಮೆರಿಕದ ರೈಲು ಜಾಲ 1916ರ ಸುಮಾರಿಗೆ ಶಿಖರ ಮುಟ್ಟಿತ್ತು: ಎರಡೂವರೆ ಲಕ್ಷ ಮೈಲಿಗೂ ಹೆಚ್ಚು. ಆಮೇಲೆ ಲಾರಿ ಬಂತು, ಕಾರು ಬಂತು, ಹೆದ್ದಾರಿ ಬಂತು. 1980ರ ಸ್ಟ್ಯಾಗರ್ಸ್ ಕಾಯ್ದೆ ನಷ್ಟದ ಮಾರ್ಗಗಳನ್ನು ಕೈಬಿಡುವುದನ್ನು ಇನ್ನಷ್ಟು ಸುಲಭ ಮಾಡಿತು. ಇಂದು ಉಳಿದಿರುವುದು ಸುಮಾರು 1 ಲಕ್ಷ 40 ಸಾವಿರ ಮೈಲಿ. ಕೈಬಿಟ್ಟ ಮಾರ್ಗಗಳು ಪಕ್ಕದ ಹೊಲಗಳಲ್ಲಿ ಕರಗಿದವು, ಕಟ್ಟಡಗಳಡಿ ಸೇರಿದವು, ಸೇತುವೆಗಳು ಗುಜರಿಗೆ ಹೋದವು.

ಎಲ್ಲ ಕಡೆಯೂ ಹಾಗಾಗಲಿಲ್ಲ. ಶಿಕಾಗೋದಿಂದ ಪಶ್ಚಿಮಕ್ಕೆ ಓಡುತ್ತಿದ್ದ ವಿದ್ಯುತ್ ರೈಲೊಂದು 1957ರಲ್ಲಿ ಪ್ರಯಾಣಿಕರನ್ನು ಒಯ್ಯುವುದನ್ನು ನಿಲ್ಲಿಸಿತ್ತು. ಮಾರ್ಟನ್ ಆರ್ಬೊರೇಟಂ ಸಸ್ಯತೋಟದಲ್ಲಿದ್ದ ನಿಸರ್ಗತಜ್ಞೆ ಮೇ ಥೀಲ್ಗಾರ್ಡ್ ವಾಟ್ಸ್ 1963ರಲ್ಲಿ ಶಿಕಾಗೋ ಟ್ರಿಬ್ಯೂನ್ ಪತ್ರಿಕೆಗೆ ಒಂದು ಕಾಗದ ಬರೆದು, ಬುಲ್ಡೋಜರು ಬರುವ ಮೊದಲು ಈ ಪಟ್ಟಿಯನ್ನು ನಡೆಯುವವರಿಗೆ ಬಿಡಿ ಎಂದು ಕೇಳಿದರು. ಆ ಕಾಗದದಿಂದ ಹುಟ್ಟಿದ್ದು ಇಲಿನಾಯ್ ಪ್ರೇರಿ ಪಾತ್. ಅವರ ಕಣ್ಣು ಬಿದ್ದದ್ದು ಓಡಾಟದ ಅನುಕೂಲದ ಮೇಲೆ ಮಾತ್ರವಲ್ಲ. ಆ ಸೀಮೆಯ ಮೂಲ ಹುಲ್ಲುಗಾವಲೆಲ್ಲ ನೇಗಿಲಿಗೆ ಸಿಕ್ಕಿ ಹೊಲವಾಗಿತ್ತು. ಉಳುಮೆ ತಗಲದೆ ಹಳೆಯ ಹುಲ್ಲು, ಹೂಗಿಡ ಉಳಿದಿದ್ದ ಕೆಲವೇ ಕಡೆಗಳಲ್ಲಿ ರೈಲು ಹಳಿಯ ಅಂಚೂ ಒಂದು. ಊರಿಗೆ ಬೇಡವಾದ ಪಟ್ಟಿಯೇ ಊರಿನ ಹಳೆಯ ನೆಲದ ನೆನಪನ್ನು ಕಾಯ್ದುಕೊಂಡಿತ್ತು.

ವಿಸ್ಕಾನ್ಸಿನ್‌ನ ಎಲ್ರಾಯ್–ಸ್ಪಾರ್ಟಾ ಹಾದಿ ಇನ್ನೊಂದು ಮಾದರಿ. ರಾಜ್ಯ ಸರ್ಕಾರ ರೈಲು ಕಂಪನಿಯಿಂದ 32 ಮೈಲಿಯ ಮಾರ್ಗವನ್ನು ಹಣ ಕೊಟ್ಟು ಕೊಂಡು, 1967ರಲ್ಲಿ ಸೈಕಲ್ ಸವಾರರಿಗೆ ತೆರೆಯಿತು. ಅದರ ಮೂರು ಸುರಂಗಗಳಲ್ಲಿ ಉದ್ದನೆಯದು 3,800 ಅಡಿಗೂ ಹೆಚ್ಚು. ಒಳಗೆ ದೀಪವಿಲ್ಲ. ಸವಾರರು ಇಳಿದು, ಟಾರ್ಚ್ ಹಿಡಿದು, ಸೈಕಲ್ ತಳ್ಳಿಕೊಂಡು ಹೋಗಬೇಕು. ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ, ನಡುಬೇಸಿಗೆಯಲ್ಲೂ ಚಳಿ ಹಿಡಿಯುತ್ತದೆ. ಸುರಂಗದ ಬಾಯಿಗೆ ಆನೆಬಾಗಿಲಿನಂಥ ಎರಡು ಮರದ ಕದಗಳಿವೆ. ರೈಲಿನ ಕಾಲದಲ್ಲಿ, ಚಳಿಗಾಲದಲ್ಲಿ ಒಳಗೆ ನೀರು ಹೆಪ್ಪುಗಟ್ಟಿ ಗೋಡೆ ಬಿರಿಯದಿರಲೆಂದು ಕಾವಲುಗಾರ ಅವನ್ನು ಮುಚ್ಚಿಡುತ್ತಿದ್ದ, ಗಾಡಿ ಬಂದಾಗ ತೆರೆಯುತ್ತಿದ್ದ. ಬೆಟ್ಟ ಕೊರೆದು ಮಾಡಿದ ಇಂಥ ದಾರಿಯನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ಮಾಡುವವರು ಯಾರು? ರೈಲು ಮಾರ್ಗದ ಬೆಲೆ ಇರುವುದು ಅದರ ಎಕರೆ ಲೆಕ್ಕದಲ್ಲಲ್ಲ, ಕಡಿಯದ ಉದ್ದದಲ್ಲಿ. ಐವತ್ತು ಮೈಲಿಯ ನಡುವೆ ಒಂದು ಫರ್ಲಾಂಗು ಮಾರಿಹೋದರೂ ಅದು ದಾರಿಯಾಗಿ ಉಳಿಯುವುದಿಲ್ಲ, ಎರಡು ಸೈಟುಗಳಾಗುತ್ತದೆ.

ಈ ಅರಿವಿನಿಂದಲೇ 1983ರಲ್ಲಿ ಅಮೆರಿಕದ ಸಂಸತ್ತು ರಾಷ್ಟ್ರೀಯ ಜಾಡುಗಳ ಕಾಯ್ದೆಗೆ ತಿದ್ದುಪಡಿ ತಂದಿತು. ಅದರ ಹೆಸರು ರೈಲ್‌ಬ್ಯಾಂಕಿಂಗ್, ಅಂದರೆ ಮಾರ್ಗವನ್ನು ಮುಂದಿನ ರೈಲಿಗಾಗಿ ಠೇವಣಿ ಇಡುವುದು. ಕಂಪನಿಯೊಂದು ಮಾರ್ಗ ಬಿಡಲು ಅರ್ಜಿ ಹಾಕಿದಾಗ, ಊರಿನ ಪುರಸಭೆಯೋ ಸಂಘವೋ ಮುಂದೆ ಬಂದು ‘ತೆರಿಗೆ ನಾವು ಕಟ್ಟುತ್ತೇವೆ, ಅಪಘಾತವಾದರೆ ನಾವು ಹೊಣೆ, ನಾಳೆ ರೈಲು ಬೇಕಾದರೆ ಬಿಟ್ಟುಕೊಡುತ್ತೇವೆ’ ಎಂದು ಒಪ್ಪಿದರೆ, ಕಂಪನಿಗೂ ಒಪ್ಪಿಗೆಯಾದರೆ, ಕಾನೂನಿನ ದೃಷ್ಟಿಯಲ್ಲಿ ಆ ಮಾರ್ಗ ಕೈಬಿಟ್ಟಂತಲ್ಲ. ಕೈಬಿಡದಿದ್ದರೆ ದಾರಿ ಹಕ್ಕು ಸಾಯುವುದಿಲ್ಲ. ದಾರಿ ಹಕ್ಕು ಸಾಯದಿದ್ದರೆ ಪಕ್ಕದ ರೈತನಿಗೆ ನೆಲ ಮರಳುವುದಿಲ್ಲ.

ಮೂರು ವರ್ಷದ ಬಳಿಕ, 1986ರಲ್ಲಿ, ರೈಲ್ಸ್ ಟು ಟ್ರೇಲ್ಸ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಹುಟ್ಟಿಕೊಂಡು ಈ ಕೆಲಸವನ್ನು ದೇಶದ ತುಂಬ ಹರಡಿತು. ಖರೀದಿ, ದಾನ, ಠೇವಣಿ ಎಲ್ಲ ಸೇರಿ ಇಂದು ಅಮೆರಿಕದಲ್ಲಿ ಸುಮಾರು 40,000 ಕಿಲೋಮೀಟರ್ ಹಳಿಹಾದಿ ಇದೆ. ಸಾಧನೆ ದೊಡ್ಡದು. ಮಿಸೌರಿ ನದಿಯ ದಡ ಹಿಡಿದು ಹೋಗುವ ಕೇಟಿ ಟ್ರೇಲ್ ಒಂದೇ 380 ಕಿಲೋಮೀಟರಿಗೂ ಉದ್ದವಿದೆ. ಧಾನ್ಯದ ಕಣಜಗಳ ಪಕ್ಕ, ಸುಣ್ಣಕಲ್ಲಿನ ಬಂಡೆಗಳ ಅಡಿಯಲ್ಲಿ ಅದು ಸಾಗುತ್ತದೆ. ರೈಲು ನಿಂತ ಸಣ್ಣ ಊರುಗಳಲ್ಲಿ ಸೈಕಲ್ ಸವಾರರನ್ನು ನಂಬಿ ಊಟದ ಮನೆಗಳೂ ವಸತಿಗೃಹಗಳೂ ತೆರೆದುಕೊಂಡಿವೆ.

ಆದರೆ ಮೇಲಿನ ಕಾನೂನಿನ ಜಾಣ್ಮೆಯಲ್ಲಿ ಒಂದು ತೊಡಕಿದೆ. ಠೇವಣಿ ಇಟ್ಟ ಮಾರ್ಗಗಳಲ್ಲಿ ರೈಲು ಮತ್ತೆ ಓಡಿದ್ದು ಬೆರಳೆಣಿಕೆಯಷ್ಟು ಮಾತ್ರ. ‘ತಾತ್ಕಾಲಿಕ’ ಎಂಬ ಹೆಸರಿನಡಿ ರೈತನ ಹಕ್ಕು ಬಹುಪಾಲು ಕಡೆ ಕಾಯಂ ಆಗಿ ನಿಂತುಹೋಯಿತು. ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಊರಿನ ಪ್ರೆಸೋ ದಂಪತಿ ಇದನ್ನೇ ಪ್ರಶ್ನಿಸಿದರು. ಅವರ ನೆಲದ ಮೇಲೆ 1899ರಲ್ಲಿ ರೈಲು ಕಂಪನಿಯೊಂದು ದಾರಿ ಹಕ್ಕು ಪಡೆದಿತ್ತು. 1975ರಲ್ಲಿ ಹಳಿಗಳೇ ಇಲ್ಲವಾದವು. ನೆಲ ಮರಳಿತೆಂದು ಅವರು ನಂಬಿದ್ದಾಗ, ಅಲ್ಲಿ ಸಾರ್ವಜನಿಕ ಹಾದಿ ಬಂತು. 1990ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಎರಡು ಮಾತು ಹೇಳಿತು: ಕಾಯ್ದೆ ಸಂವಿಧಾನಕ್ಕೆ ಸಮ್ಮತ, ಯಾರದಾದರೂ ಸ್ವತ್ತು ಅದರಿಂದ ಹೋದರೆ ಅವರು ಸರ್ಕಾರದಿಂದ ಪರಿಹಾರ ಕೇಳಬಹುದು. ಕೇಳಲು ಮತ್ತೆ ಬೇರೆ ಕೋರ್ಟು. ಪ್ರೆಸೋ ದಂಪತಿಯ ಸ್ವತ್ತನ್ನು ಸರ್ಕಾರ ಕಿತ್ತುಕೊಂಡಂತೆಯೇ ಆಗಿದೆ ಎಂದು ಮೇಲ್ಮನವಿ ನ್ಯಾಯಾಲಯ ಒಪ್ಪಿದ್ದು 1996ರಲ್ಲಿ. ಹಳಿ ಕಿತ್ತು ಅಷ್ಟರಲ್ಲಿ 21 ವರ್ಷ.

ಮಿಸೌರಿಯ ಕತೆಯೂ ಬೇರೆಯಲ್ಲ. ಕೇಟಿ ಟ್ರೇಲಿನ ಮೊದಲ ತುಂಡು ತೆರೆದದ್ದು 1990ರಲ್ಲಿ. ಪಕ್ಕದ ಜಮೀನುದಾರರಿಗೆ ಪರಿಹಾರ ಸಲ್ಲಬೇಕೆಂದು ಆ ಬೇರೆ ಕೋರ್ಟು, ಅಂದರೆ ಕ್ಲೇಮ್ಸ್ ಕೋರ್ಟು, ಹೇಳಿದ್ದು 2000ದಲ್ಲಿ. ಆ ಹತ್ತು ವರ್ಷ ರೈತ ತನ್ನ ಹೊಲದ ನಡುವೆ ಸೈಕಲ್ಲುಗಳು ಹೋಗುವುದನ್ನು ನೋಡುತ್ತಲೇ ವಕೀಲರ ಮನೆಗೆ ಅಲೆದ. ಅರ್ಜಿ ಹಾಕಲು ಆರು ವರ್ಷದ ಗಡುವು ಬೇರೆ. ಹಾದಿಗೆ ಕೃತಜ್ಞವಾಗಬೇಕಾಗಿದ್ದ ಹಳ್ಳಿಗಳಲ್ಲಿ ಹಾದಿಯ ಮೇಲೆ ಮುನಿಸು ಬೆಳೆದದ್ದಕ್ಕೆ ಇದೇ ಕಾರಣ. ರೈತರ ಆಕ್ಷೇಪವನ್ನು ಸ್ವಾರ್ಥವೆಂದು ತಳ್ಳಿಹಾಕುವ ಹಾದಿಪ್ರಿಯರು ಅಮೆರಿಕದಲ್ಲಿ ಕಡಿಮೆಯಿಲ್ಲ. ಅದು ಅನ್ಯಾಯ. ರೈಲಿಗೆಂದು ಬಿಟ್ಟುಕೊಟ್ಟ ನೆಲವನ್ನು ಇನ್ನೊಂದಕ್ಕೆ ಬಳಸುವಾಗ ಮಾಲೀಕನನ್ನು ಮೊದಲು ಕೂರಿಸಿ, ಬೆಲೆ ಕಟ್ಟಿ, ಹಣ ಕೊಟ್ಟು, ಆಮೇಲೆ ಜಲ್ಲಿ ತೆಗೆಯಬೇಕಿತ್ತು. ಹೇಗೂ ಆ ಹಣವನ್ನು ಒಕ್ಕೂಟ ಸರ್ಕಾರದ ಖಜಾನೆಯೇ ಕೊಡುತ್ತದೆ. ಮೊದಲೇ ಕೊಟ್ಟಿದ್ದರೆ ವಕೀಲರ ಖರ್ಚೂ ಬಡ್ಡಿಯೂ ಉಳಿಯುತ್ತಿತ್ತು.

ಇಷ್ಟೆಲ್ಲ ವಾದದಲ್ಲಿ ಮಾಲೀಕ ಎಂದರೆ ಕಾಗದದಲ್ಲಿ ಹೆಸರಿರುವವನು ಎಂದೇ ಅರ್ಥ. ಬ್ರ್ಯಾಂಟ್ ತೀರ್ಪು ನೆಲದ ಇತಿಹಾಸವನ್ನು ಸರ್ಕಾರದ ಹಕ್ಕುಪತ್ರದಿಂದ ಆರಂಭಿಸುತ್ತದೆ. ಆದರೆ ಫಾಕ್ಸ್ ಪಾರ್ಕ್ ಇರುವ, ಲ್ಯಾರಮಿ ಊರಿನ ಸುತ್ತಲ ಆ ಸೀಮೆಯನ್ನು ಶಯೆನ್ ಮತ್ತು ಅರಪಾಹೋ ಜನರ ನೆಲವೆಂದು ಅಮೆರಿಕ ಸರ್ಕಾರವೇ 1851ರ ಫೋರ್ಟ್ ಲ್ಯಾರಮಿ ಒಪ್ಪಂದದಲ್ಲಿ ಗುರುತಿಸಿತ್ತು. ಸರ್ಕಾರ ‘ದಾರಿ ಹಕ್ಕು’ ಕೊಡುವ ಮೊದಲು ಆ ನೆಲ ಅದಕ್ಕೆ ಯಾರಿಂದ ಬಂತೆಂಬ ಪ್ರಶ್ನೆ ಎಂಟು ಮಂದಿಯ ತೀರ್ಪಿನಲ್ಲೂ ಇಲ್ಲ, ಒಬ್ಬರ ಭಿನ್ನಮತದಲ್ಲೂ ಇಲ್ಲ. ಹಳಿಹಾದಿಯ ಹೊಗಳಿಕೆಯಲ್ಲೂ ಅದು ಅಪರೂಪ. ಈ ಪದ್ಧತಿಯ ದೊಡ್ಡ ಕೊರತೆ ಇದೇ.

ಹೆಸರಿಲ್ಲದವರ ಪ್ರಶ್ನೆ ನಗರದಲ್ಲಿ ಇನ್ನೊಂದು ರೂಪ ತಾಳುತ್ತದೆ. ನ್ಯೂಯಾರ್ಕಿನ ಹೈ ಲೈನ್ ಹಳಿಹಾದಿ ಜಗತ್ಪ್ರಸಿದ್ಧ. ಮ್ಯಾನ್‌ಹ್ಯಾಟನ್‌ನ ಪಶ್ಚಿಮದಂಚಿನಲ್ಲಿ ಒಂದು ಕಾಲಕ್ಕೆ ಗೂಡ್ಸ್ ರೈಲುಗಳು ಬೀದಿಯ ಮೇಲೇ ಓಡುತ್ತಿದ್ದವು. ಜನ ಸಿಕ್ಕಿ ಸಾಯುತ್ತಿದ್ದರೆಂದು ರೈಲಿನ ಮುಂದೆ ಕುದುರೆಯ ಮೇಲೆ ಬಾವುಟ ಹಿಡಿದು ಎಚ್ಚರಿಸುವ ಸವಾರರನ್ನು ಇಟ್ಟಿದ್ದರು. ಸಾವು ನಿಲ್ಲದೆ, ಬೀದಿಯಿಂದ ಮೂವತ್ತು ಅಡಿ ಎತ್ತರದಲ್ಲಿ ಉಕ್ಕಿನ ಕಂಬಗಳ ಮೇಲೆ ಮಾರ್ಗ ಕಟ್ಟಿ 1934ರಲ್ಲಿ ತೆರೆದರು. ಕೊನೆಯ ರೈಲು ಓಡಿದ್ದು 1980ರಲ್ಲಿ. ಆಮೇಲೆ ಇಪ್ಪತ್ತು ವರ್ಷ ಅಲ್ಲಿ ಯಾರೂ ಬಿತ್ತದ ಹುಲ್ಲು, ಹೂಗಿಡ ಎದೆಯೆತ್ತರ ಬೆಳೆದವು. 1984ರಲ್ಲಿ ರೈಲುಪ್ರೇಮಿ ಪೀಟರ್ ಓಬ್ಲೆಟ್ಜ್ ಹತ್ತು ಡಾಲರಿಗೆ ಅದನ್ನು ಕಂಪನಿಯಿಂದ ಕೊಂಡಿದ್ದರು. ಆ ಕ್ರಯ ಮುಂದೆ ರದ್ದಾಯಿತು.

ಕಂಬಗಳ ಕೆಳಗಿನ ಜಾಗದ ಒಡೆಯರಿಗೆ ಮಾರ್ಗ ಕೆಡವಬೇಕಿತ್ತು. 1999ರಲ್ಲಿ ಜೋಶುವಾ ಡೇವಿಡ್, ರಾಬರ್ಟ್ ಹ್ಯಾಮಂಡ್ ಎಂಬಿಬ್ಬರು ಅದನ್ನು ಉಳಿಸಲು ಸಂಘ ಕಟ್ಟಿದರು. ತೊಡಕು ಬಿಡಿಸಿದ್ದು 2005ರ ವಲಯ ನಿಯಮ: ಮಾರ್ಗದ ಕಾರಣ ತಮ್ಮ ಜಾಗದಲ್ಲಿ ಕಟ್ಟಲಾಗದ ಮಹಡಿಗಳ ಹಕ್ಕನ್ನು ಒಡೆಯರು ಹತ್ತಿರದ ಬೇರೆ ನಿವೇಶನದವರಿಗೆ ಮಾರಬಹುದು. ವಿರೋಧ ಕರಗಿತು. ಅದೇ ವರ್ಷ ಸಿಎಸ್‌ಎಕ್ಸ್ ರೈಲು ಕಂಪನಿ ಮಾರ್ಗವನ್ನು ನಗರಕ್ಕೆ ದಾನ ಕೊಟ್ಟಿತು, ರೈಲ್‌ಬ್ಯಾಂಕಿಂಗ್ ಕಾಯ್ದೆಯೇ ಅದಕ್ಕೂ ಆಸರೆಯಾಯಿತು. 2009ರಲ್ಲಿ ಮೊದಲ ಭಾಗ ತೆರೆಯಿತು. ಕೆಲಸದ ಅಂದದ ಬಗ್ಗೆ ಎರಡು ಮಾತಿಲ್ಲ. ಹಳಿಗಳನ್ನು ಅಲ್ಲಲ್ಲೇ ಉಳಿಸಿ, ಪಾಳು ಬಿದ್ದಾಗ ತಾನಾಗಿ ಬೆಳೆದಿದ್ದ ಹುಲ್ಲಿನ ಗುಣವನ್ನೇ ಹಿಡಿದು ತೋಟ ವಿನ್ಯಾಸಕ ಪೀಟ್ ಔಡಾಲ್ಫ್ ಗಿಡಗಳನ್ನು ಜೋಡಿಸಿದ್ದಾರೆ. ಚಳಿಗಾಲದಲ್ಲಿ ಒಣಗಿ ಕಂದಾದ ತೆನೆಗಳನ್ನೂ ಕೂಡಲೇ ಕತ್ತರಿಸದೆ ಬಿಡುವ ಧೈರ್ಯ ನಗರದ ತೋಟಗಳಲ್ಲಿ ಅಪರೂಪ.

ವರ್ಮಾಂಟ್, ಮಿಸೌರಿಗಳಲ್ಲಿ ಆಗದ್ದು ಇಲ್ಲಿ ಆಯಿತು: ಒಡೆಯರಿಗೆ ಪರಿಹಾರ ಮೊದಲೇ ಸಿಕ್ಕಿತು. ಆದರೆ ಆ ಪರಿಹಾರ ಬಂದದ್ದು ಸುತ್ತ ಎದ್ದ ಗಾಜಿನ ಗೋಪುರಗಳಿಂದ. ಬಾಡಿಗೆ ಏರಿತು, ಹಳೆಯ ಅಂಗಡಿಗಳು ಎದ್ದುಹೋದವು. ಪಕ್ಕದಲ್ಲೇ ಇರುವ ಸರ್ಕಾರಿ ವಸತಿ ಸಮುಚ್ಚಯಗಳ ಬಡವರು ಆ ಹಾದಿ ಹತ್ತಿದ್ದು ಕಡಿಮೆ. ಅಕ್ಕಪಕ್ಕದ ಜನರನ್ನು ‘ವಿನ್ಯಾಸ ಹೇಗಿರಬೇಕು’ ಎಂದು ಕೇಳಿದೆವೇ ಹೊರತು ‘ನಿಮಗೇನು ಬೇಕು’ ಎಂದು ಕೇಳಲಿಲ್ಲವೆಂದು ಹ್ಯಾಮಂಡ್ ಅವರೇ ಮುಂದೆ ಬಹಿರಂಗವಾಗಿ ಒಪ್ಪಿಕೊಂಡರು. ತಪ್ಪೊಪ್ಪಿಗೆ ದೊಡ್ಡದು, ಬಂದದ್ದು ತಡವಾಗಿ. ಶಿಕಾಗೋದಲ್ಲಿ 2015ರಲ್ಲಿ ತೆರೆದ ‘606’ ಹಾದಿಯ ಸುತ್ತಲೂ ಹೀಗೇ ಆದಾಗ, ನಗರಸಭೆ 2021ರಲ್ಲಿ ಅಲ್ಲಿನ ಹಳೆಯ ಮನೆ ಕೆಡವುವವರ ಮೇಲೆ ಕನಿಷ್ಠ 15,000 ಡಾಲರಿನ ಹೆಚ್ಚುವರಿ ಶುಲ್ಕ ಹೇರಿತು. ಹಾದಿ ತೆರೆದು ಆರು ವರ್ಷದ ಮೇಲೆ ಬಂದ ಈ ನಿಯಮ ನೀಲನಕ್ಷೆಯ ಜೊತೆಗೇ ಬರಬೇಕಿತ್ತು.

ಇತ್ತ ಭಾರತದಲ್ಲಿ ಚಿತ್ರ ತಿರುಗುಮುರುಗು. ಇಲ್ಲಿ ರೈಲಿಗೆಂದು 1894ರ ಭೂಸ್ವಾಧೀನ ಕಾಯ್ದೆಯಡಿ ಸ್ವಾಧೀನವಾದ ಭೂಮಿ ಯಾವ ಋಣಭಾರವೂ ಇಲ್ಲದೆ ಸರ್ಕಾರಕ್ಕೆ ಸೇರುತ್ತಿತ್ತು. ಹಾಗಾಗಿ ಹತ್ತು ಹೆಜ್ಜೆಗೊಬ್ಬ ಹಕ್ಕುದಾರನ ಕಾಟವಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಮೀಟರ್ ಗೇಜ್ ಮಾರ್ಗ 1996ರಲ್ಲಿ ಮುಚ್ಚಿತು. ದೋಣಿಗಲ್ಲು, ಎಡಕುಮೇರಿಗಳ ನಡುವೆ ಸುರಂಗ, ಸೇತುವೆಗಳ ಮೇಲೆ ಚಾರಣದ ಹುಡುಗರು ವರ್ಷಗಟ್ಟಲೆ ನಡೆದಾಡಿದರು. ಹೆಚ್ಚುಕಡಿಮೆ ಒಂದು ದಶಕದ ಮೇಲೆ ಅದೇ ಜಾಡಿನಲ್ಲಿ ಬ್ರಾಡ್‌ಗೇಜ್ ಬಂತು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲೂ ಓಡಿತು. ಅಮೆರಿಕದ ಕಾಯ್ದೆ ಕನಸು ಕಂಡ ಮರಳಿಕೆ, ಯಾವ ವಿಶೇಷ ಕಾಯ್ದೆಯೂ ಇಲ್ಲದೆ, ಇಲ್ಲಿ ಕಣ್ಣೆದುರೇ ನಡೆದುಹೋಯಿತು. ಕಾರಣ ಒಂದೇ, ಮಾರ್ಗ ನಡುವೆ ಎಲ್ಲೂ ಕಡಿದಿರಲಿಲ್ಲ.

ಆ ಅದೃಷ್ಟ ಎಲ್ಲ ಮಾರ್ಗಕ್ಕೂ ಇರುತ್ತದೆಂಬ ಭರವಸೆಯಿಲ್ಲ. ಬೇಡದ ರೈಲ್ವೆ ಭೂಮಿಯನ್ನು ವಾಣಿಜ್ಯ ಬಳಕೆಗೆ ಕೊಡಲೆಂದೇ ರೈಲ್ವೆ ಕಾಯ್ದೆಯ 2005ರ ತಿದ್ದುಪಡಿ ರೈಲು ಭೂಮಿ ಅಭಿವೃದ್ಧಿ ಪ್ರಾಧಿಕಾರಕ್ಕೆ ದಾರಿ ಮಾಡಿತು. ನಿಲ್ದಾಣದ ಪಕ್ಕದ ಖಾಲಿ ಜಾಗಕ್ಕೆ ಆ ವ್ಯವಸ್ಥೆ ಸರಿ. ಉದ್ದನೆಯ ಮಾರ್ಗವನ್ನು ಇಡಿಯಾಗಿ ಕಾಯ್ದುಕೊಳ್ಳಲೇಬೇಕೆಂಬ ಕಟ್ಟಳೆ ಅದರಲ್ಲಿಲ್ಲ. ನೆಲ ಕೊಟ್ಟ ರೈತನ ಮಾತಂತೂ ಮುಗಿದೇ ಹೋಗಿದೆ. ಸ್ವಾಧೀನವಾದ ಭೂಮಿ ಮೂಲ ಉದ್ದೇಶ ತೀರಿ ಉಳಿದರೆ ಬೇರೆ ಸಾರ್ವಜನಿಕ ಕೆಲಸಕ್ಕೆ ಬಳಸಬೇಕು, ಅದೂ ಇಲ್ಲದಿದ್ದರೆ ಹರಾಜು ಹಾಕಬೇಕು, ಹಳೆಯ ಮಾಲೀಕನಿಗೆ ಮಾರಬಾರದು ಎಂದು ಸುಪ್ರೀಂ ಕೋರ್ಟು 1997ರಲ್ಲಿ ಕೇರಳದ ಭಾಸ್ಕರನ್ ಪಿಳ್ಳೆ ಪ್ರಕರಣದಲ್ಲಿ ಹೇಳಿತು. ಅಮೆರಿಕದ ರೈತ ತಡವಾಗಿಯಾದರೂ ಎರಡನೆಯ ಬಾರಿ ಬೆಲೆ ಕೇಳಬಲ್ಲ. ಇಲ್ಲಿಯವನಿಗೆ ಆ ಬಾಗಿಲಿಲ್ಲ.

ಹಾಗಾದರೆ ಹಳಿಹಾದಿಯ ಪದ್ಧತಿಗೆ ಎಷ್ಟು ಅಂಕ? ಮಾರ್ಗವನ್ನು ಕಡಿಯದೆ ಉಳಿಸಿದ್ದಕ್ಕೆ ಪೂರ್ತಿ. ನಿಯಮಕ್ಕೆ ಸಿಕ್ಕ ಒಡೆಯರನ್ನು ದಶಕಗಟ್ಟಲೆ ಅಲೆಸಿದ್ದಕ್ಕೆ, ಕಾಗದದಲ್ಲಿ ಇಲ್ಲದ ಮೂಲನಿವಾಸಿಗಳನ್ನೂ ಬಾಡಿಗೆದಾರರನ್ನೂ ಮರೆತದ್ದಕ್ಕೆ ಅರ್ಧಕ್ಕಿಂತ ಕಡಿಮೆ. ಭಾರತ ಎರವಲು ಪಡೆಯಬೇಕಾದ್ದು ಮೊದಲನೆಯದನ್ನು ಮಾತ್ರ. ಗೇಜ್ ಪರಿವರ್ತನೆಯಲ್ಲಿ ಜಾಡು ಬದಲಾದಲ್ಲೆಲ್ಲ ಹಳೆಯ ಏರಿಗಳು ಊರ ಹೊರಗೆ ಜಾಲಿ ಬೆಳೆದು ಬಿದ್ದಿರುತ್ತವೆ. ನಿಮ್ಮ ಊರಿನ ಪಕ್ಕ ಅಂಥದೊಂದು ಇದ್ದರೆ, ತಾಲ್ಲೂಕು ಕಚೇರಿಯಲ್ಲಿ ಅದರ ಸರ್ವೆ ನಕ್ಷೆ ತೆಗೆಸಿ ಎಲ್ಲಿಂದ ಎಲ್ಲಿಗೆ ಇಡಿಯಾಗಿ ಉಳಿದಿದೆ ನೋಡಿ. ಹರಾಜಿನ ನೋಟೀಸು ಗೋಡೆಗೆ ಬೀಳುವ ಮೊದಲು ಗ್ರಾಮಸಭೆಯಲ್ಲಿ ಅದರ ಮಾತು ಎತ್ತಿ. ಅಜ್ಜನ ಕಾಲದಲ್ಲಿ ಅದಕ್ಕೆ ನೆಲ ಬಿಟ್ಟುಕೊಟ್ಟ ಮನೆಯವರನ್ನೂ ಆ ಸಭೆಗೆ ಕರೆಯಿರಿ.